ಬ್ಯಾಟರಿಯೊಳಗೆ ಗಿಡದ ನಾರಿನ ಪೊರೆ: ಬೆಂಕಿ ತಡೆದೀತೆ, ಬೆಳೆಗಾರರಿಗೆ ದಕ್ಕೀತೆ?



ಎಲೆಕ್ಟ್ರಿಕ್ ಸ್ಕೂಟರು ನಮ್ಮ ಗಡಿ ಊರುಗಳಿಗೆ ದೂರದ ಸಂಗತಿಯಾಗಿ ಉಳಿದಿಲ್ಲ. ಹೊಸೂರಿನಲ್ಲಿ ಏಥರ್ ಕಾರ್ಖಾನೆಯಿದೆ, ಟಿವಿಎಸ್ ಇದೆ. ಅದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾದ ಕಾರ್ಖಾನೆಯಿದೆ. ಬೆಳಗಿನ ಪಾಳಿಯ ಬಸ್ಸುಗಳಲ್ಲಿ ಕನ್ನಡ ಮಾತಾಡುವ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ತೆಲಂಗಾಣದ ಮಹಬೂಬನಗರದ ಹತ್ತಿರ ದಿವಿಟಿಪಲ್ಲಿಯಲ್ಲಿ ಅಮರರಾಜಾ ಸಂಸ್ಥೆ ಲಿಥಿಯಂ ಸೆಲ್ ಕಾರ್ಖಾನೆ ಕಟ್ಟಲು ಹೊರಟಿದೆ. ಇನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಬ್ಬು, ಆದವಾನಿಯ ಹತ್ತಿ, ಕಾಸರಗೋಡಿನ ಅಡಿಕೆ ಬೆಳೆಗಾರರಿಗೂ ಈಚೆಗೆ ಈ ಮಾತು ತಲುಪಿದೆ. ಗಿಡಮರಗಳ ನಾರಿನಿಂದ ಬ್ಯಾಟರಿಯ ಒಂದು ಮುಖ್ಯ ಭಾಗವನ್ನು ಮಾಡಬಹುದಂತೆ, ಅದರಿಂದ ಬ್ಯಾಟರಿ ಸುರಕ್ಷಿತವೂ ಆಗುತ್ತದಂತೆ, ಪರಿಸರಕ್ಕೂ ಒಳ್ಳೆಯದಂತೆ ಎಂಬ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಿವೆ. ವಾಟ್ಸಾಪಿಗೆ ಬರುವಷ್ಟರಲ್ಲಿ ಅವೇ ಸುದ್ದಿ "ಇನ್ನು ಸ್ಕೂಟರಿಗೆ ಬೆಂಕಿಯೇ ಹತ್ತದು" ಎಂದೂ "ಅಡಿಕೆ ಸಿಪ್ಪೆಗೆ ಅಡಿಕೆಯಷ್ಟೇ ಬೆಲೆ" ಎಂದೂ ಬದಲಾಗಿರುತ್ತವೆ.

ಎರಡೂ ಮಾತುಗಳನ್ನು ಸ್ವಲ್ಪ ಜರಡಿ ಹಿಡಿದು ನೋಡೋಣ. ಒಂದರಲ್ಲಿ ಅರ್ಧ ಸತ್ಯವಿದೆ. ಇನ್ನೊಂದರಲ್ಲಿ ಅಷ್ಟೂ ಇಲ್ಲ.

ನಡುವಿನ ಪೊರೆ ಏನು ಮಾಡುತ್ತದೆ

ಲಿಥಿಯಂ-ಅಯಾನ್ ಸೆಲ್ಲಿನ ಒಳಗೆ ಎರಡು ತಗಡುಗಳಿರುತ್ತವೆ. ಒಂದು ತಾಮ್ರದ ಹಾಳೆಯ ಮೇಲೆ ಗ್ರಾಫೈಟ್ ಬಳಿದದ್ದು, ಇನ್ನೊಂದು ಅಲ್ಯೂಮಿನಿಯಂ ಹಾಳೆಯ ಮೇಲೆ ಲಿಥಿಯಂ ಇರುವ ಲೋಹದ ಸಂಯುಕ್ತ ಬಳಿದದ್ದು. ಇವೆರಡನ್ನೂ ಚಾಪೆ ಸುತ್ತಿದಂತೆ ಸುತ್ತಿ ಡಬ್ಬಿಯೊಳಗೆ ಇಟ್ಟು, ಎಲೆಕ್ಟ್ರೋಲೈಟ್ ಎಂಬ ದ್ರವ ತುಂಬುತ್ತಾರೆ. ಎರಡು ತಗಡು ನೇರವಾಗಿ ತಾಗಿದರೆ ಶಾರ್ಟ್ ಆಗುತ್ತದೆ. ತಾಗದಂತೆ ತಡೆಯಲು ನಡುವೆ ಒಂದು ತೆಳು ಪೊರೆ ಇರುತ್ತದೆ. ಅದಕ್ಕೆ ಸಪರೇಟರ್ ಎನ್ನುತ್ತಾರೆ. ವಿದ್ಯುತ್ತು ದಾಟಬಾರದು, ಆದರೆ ಲಿಥಿಯಂ ಅಯಾನುಗಳು ಮಾತ್ರ ದ್ರವದ ಜೊತೆ ಆಚೀಚೆ ಓಡಾಡಬೇಕು. ಹಾಗಾಗಿ ಆ ಪೊರೆಯ ತುಂಬ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಪೊರೆಯ ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದಲ್ಲಿ ಅರ್ಧವೂ ಇಲ್ಲ. ತೂತುಗಳು ಒಂದು ಮೈಕ್ರಾನಿಗಿಂತ ಚಿಕ್ಕವು. ಪೊರೆಯ ಒಟ್ಟು ಜಾಗದಲ್ಲಿ ಸುಮಾರು ನಲವತ್ತರಿಂದ ಐವತ್ತು ಪಾಲು ಬರೀ ತೂತೇ.

1991ರಲ್ಲಿ ಸೋನಿ ಕಂಪನಿ ಮೊದಲ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗಿನಿಂದ ಈ ಪೊರೆ ಬಹುಪಾಲು ಪ್ಲಾಸ್ಟಿಕ್ಕಿನದೇ. ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಅಂಗಡಿಯ ಕವರೂ ಇದೇ ಕುಟುಂಬದ್ದು. ಅಗ್ಗ, ಗಟ್ಟಿ, ಒಂದೇ ಸಮನಾಗಿ ಕಿಲೋಮೀಟರುಗಟ್ಟಲೆ ಎಳೆಯಬಹುದು, ಸೆಲ್ಲಿನೊಳಗಿನ ರಾಸಾಯನಿಕಗಳ ಜೊತೆ ಜಗಳ ಆಡುವುದಿಲ್ಲ. ಮೂವತ್ತು ವರ್ಷ ಅದು ಗದ್ದುಗೆಯಲ್ಲಿ ಕೂತಿರುವುದಕ್ಕೆ ಕಾರಣವಿದೆ.

ಅದರ ದೌರ್ಬಲ್ಯ ಶಾಖ. ಪಾಲಿಥೀನ್ ಸುಮಾರು 130 ಡಿಗ್ರಿಯಲ್ಲಿ ಕರಗುತ್ತದೆ, ಪಾಲಿಪ್ರೊಪಿಲೀನ್ 165ರ ಆಸುಪಾಸಿನಲ್ಲಿ. ಕರಗುವ ಮೊದಲೇ ಮುದುಡುತ್ತದೆ. ಪೊರೆ ಮಾಡುವಾಗ ಎಳೆದು ಹಿಗ್ಗಿಸಿರುತ್ತಾರೆ. ಬಿಸಿ ತಾಗಿದರೆ ಅದು ತನ್ನ ಹಳೆಯ ಗಾತ್ರಕ್ಕೆ ಮರಳಲು ನೋಡುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಒಲೆಯ ಹತ್ತಿರ ಹಿಡಿದರೆ ಅಂಚು ಸುರುಟಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಸೆಲ್ಲಿನೊಳಗೆ ಅಂಚು ಸುರುಟಿದರೆ ಎರಡು ತಗಡು ಮುಖಾಮುಖಿ ಆಗುತ್ತವೆ.

ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಬ್ಯಾಟರಿ 130 ಡಿಗ್ರಿಗೆ ಹೋಗುವುದಿಲ್ಲ, ಆ ಭಯ ಬೇಡ. ಶಾಖ ಒಳಗಿನಿಂದಲೇ ಹುಟ್ಟುತ್ತದೆ. ತಯಾರಿಕೆಯ ಕಾಲದಲ್ಲಿ ಒಳಗೆ ಉಳಿದ ಲೋಹದ ಚೂರು, ಬಿದ್ದು ಜಜ್ಜಿದ ಸೆಲ್, ಅಳತೆ ಮೀರಿದ ಚಾರ್ಜು, ಒಳಗೆ ಇಳಿದ ನೀರು, ಸಡಿಲವಾದ ಜೋಡಣೆ, ಹೀಗೆ ಏನಾದರೊಂದು ಸಣ್ಣ ಶಾರ್ಟಿಗೆ ದಾರಿಯಾಗುತ್ತದೆ. ನೂರು ಡಿಗ್ರಿಯ ಆಸುಪಾಸಿನಲ್ಲಿ ಗ್ರಾಫೈಟ್ ಮೇಲಿನ ರಕ್ಷಣಾ ಪದರ ಒಡೆಯಲು ಶುರುವಾಗಿ ಇನ್ನಷ್ಟು ಶಾಖ ಬರುತ್ತದೆ. ಅದರಿಂದ ಪೊರೆ ಮುದುಡಿ ಕರಗುತ್ತದೆ, ಶಾರ್ಟ್ ದೊಡ್ಡದಾಗುತ್ತದೆ. ಇನ್ನೂರು ಡಿಗ್ರಿ ದಾಟಿದ ಮೇಲೆ ನಿಕ್ಕಲ್ ಇರುವ ಸೆಲ್ಲುಗಳಲ್ಲಿ ಆ ಲೋಹದ ಸಂಯುಕ್ತವೇ ಆಮ್ಲಜನಕ ಬಿಡುತ್ತದೆ. ಉರಿಯುವ ದ್ರವ ಒಳಗೇ ಇದೆ, ಆಮ್ಲಜನಕವೂ ಒಳಗೇ ಬಂತು. ಹೀಗೆ ಹತೋಟಿ ಮೀರಿದ ಸೆಲ್ ಪಕ್ಕದ ಸೆಲ್ಲನ್ನು ಕಾಯಿಸುತ್ತದೆ, ಅದು ಅದರಾಚೆಯದನ್ನು. ಕಬ್ಬಿಣ-ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಸೆಲ್ಲುಗಳು ಈ ವಿಷಯದಲ್ಲಿ ಹೆಚ್ಚು ಸಾಧು. ಆದರೆ ಅವೂ ಬೆಂಕಿಗೆ ಹೊರತಲ್ಲ.

ಇದು ಬರೀ ಪುಸ್ತಕದ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2022ರ ಮಾರ್ಚಿನಲ್ಲಿ ವೇಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ ತಂದೆ ಮತ್ತು ಮಗಳು ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಸ್ಕೂಟರ್ ಷೋರೂಮಿನಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿದ್ದ ಲಾಡ್ಜಿಗೆ ನುಗ್ಗಿ 8 ಜನ ಸತ್ತರು. ಎರಡೂ ಕಡೆ ಗಮನಿಸಬೇಕಾದದ್ದು ಹೊಗೆ ಮತ್ತು ಹೊರಬರುವ ದಾರಿ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಗಿಡದ ನಾರು ಎಲ್ಲಿ ಬಂತು

ಸೆಲ್ಯುಲೋಸ್ ಎಂದರೆ ಗಿಡಮರಗಳ ಮೈಕಟ್ಟಿನ ಮೂಲವಸ್ತು. ಹತ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಅದೇ. ಮರದಲ್ಲಿ, ಕಬ್ಬಿನ ಸಿಪ್ಪೆಯಲ್ಲಿ ಹೆಚ್ಚುಕಡಿಮೆ ನಲವತ್ತು ಪಾಲಿನ ಆಸುಪಾಸು. ಅದಕ್ಕೆ ಕರಗುವ ಗುಣವೇ ಇಲ್ಲ. ಬಿಸಿ ಏರಿದಂತೆ ಅದು 200 ಡಿಗ್ರಿ ದಾಟುವವರೆಗೂ ತನ್ನ ಆಕಾರ ಬಿಡದೆ ನಿಂತು, ಆಮೇಲೆ ಕರಿಕಾಗುತ್ತದೆ.

"ಕಾಗದ ಉರಿಯುವುದಿಲ್ಲವೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉರಿಯುತ್ತದೆ. ಪ್ಲಾಸ್ಟಿಕ್ಕೂ ಉರಿಯುತ್ತದೆ. ಇಲ್ಲಿ ಪ್ರಶ್ನೆ ಉರಿಯುತ್ತದೋ ಇಲ್ಲವೋ ಎಂಬುದಲ್ಲ. ಅನಾಹುತಕ್ಕೆ ಮೊದಲಿನ ಆ ನೂರರಿಂದ ಇನ್ನೂರು ಡಿಗ್ರಿಯ ನಡುವಿನ ಅವಧಿಯಲ್ಲಿ ಪೊರೆ ತನ್ನ ಜಾಗದಲ್ಲಿ ನಿಲ್ಲುತ್ತದೆಯೇ ಎಂಬುದು. ಆ ಪರೀಕ್ಷೆಯಲ್ಲಿ ನಾರು ಗೆಲ್ಲುತ್ತದೆ. ಎರಡನ್ನೂ 150 ಡಿಗ್ರಿಯ ಒಲೆಯಲ್ಲಿ ಅರ್ಧ ಗಂಟೆ ಇಟ್ಟು ತೆಗೆದರೆ ಪಾಲಿಥೀನ್ ಮುದ್ದೆಯಾಗಿರುತ್ತದೆ, ಸೆಲ್ಯುಲೋಸ್ ಹಾಳೆ ಹಾಳೆಯಾಗಿಯೇ ಇರುತ್ತದೆ.

ಇನ್ನೊಂದು ಅನುಕೂಲವೂ ಇದೆ. ಪ್ಲಾಸ್ಟಿಕ್ ಪೊರೆಗೆ ಎಲೆಕ್ಟ್ರೋಲೈಟ್ ಸುಲಭವಾಗಿ ಒಗ್ಗುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ. ಸೆಲ್ಯುಲೋಸ್ ಅದನ್ನು ಬಟ್ಟೆ ಹೀರಿದಂತೆ ಹೀರುತ್ತದೆ. ದ್ರವ ಎಲ್ಲ ಕಡೆ ಸಮನಾಗಿ ಹರಡಿದರೆ ಅಯಾನುಗಳ ಓಡಾಟ ಸಲೀಸು, ಚಾರ್ಜು ಬೇಗ.

ಇದೇನೂ ನಿನ್ನೆ ಮೊನ್ನೆ ಹೊಳೆದ ಯೋಚನೆಯಲ್ಲ. ಹಿಂದಿನ ಕಾಲದ ಸೀಸದ ಬ್ಯಾಟರಿಗಳಲ್ಲಿ ತಗಡುಗಳ ನಡುವೆ ಇಡುತ್ತಿದ್ದದ್ದು ತೆಳುವಾಗಿ ಸೀಳಿದ ಮರದ ಹಲಗೆ. ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್ಲಿನೊಳಗೆ ಸತುವಿನ ಡಬ್ಬಿಗೆ ಒಳಗಡೆ ಹಚ್ಚಿರುವುದು ಗಂಜಿ ಸವರಿದ ಕಾಗದ. ಮೊಬೈಲ್ ಚಾರ್ಜರಿನಲ್ಲಿರುವ ಪುಟ್ಟ ಡಬ್ಬಿಯಂಥ ಕೆಪಾಸಿಟರಿನೊಳಗೆ ಇವತ್ತಿಗೂ ಇರುವುದು ಕಾಗದವೇ. ಜಪಾನಿನ ಕೋಚಿ ಪ್ರಾಂತ ಕೈಕಾಗದಕ್ಕೆ ಹೆಸರಾದ ಸೀಮೆ. ಅಲ್ಲಿನ ನಿಪ್ಪಾನ್ ಕೊಡೋಶಿ ಎಂಬ ಕಂಪನಿ ಇಂಥ ಕೆಪಾಸಿಟರ್ ಕಾಗದದಲ್ಲಿ ಜಗತ್ತಿಗೇ ಮುಂದಿದೆ. ನಮ್ಮ ಕಡೆ ಕೈಕಸುಬು ಎಂದರೆ ಪ್ರದರ್ಶನದ ಸ್ಟಾಲು ಎಂದಾಗಿಬಿಟ್ಟಿರುವಾಗ, ಕೈಕಾಗದದ ಊರಿನವರು ಎಲೆಕ್ಟ್ರಾನಿಕ್ಸಿಗೆ ಕಾಗದ ಮಾರುವುದನ್ನು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಕ್ಲಾಡೋಫೋರಾ ಎಂಬ ಹಸಿರು ಪಾಚಿಯಿಂದ ತೆಗೆದ ಸೆಲ್ಯುಲೋಸಿನಲ್ಲಿ ಲಿಥಿಯಂ ಸೆಲ್ಲಿನ ಪೊರೆ ಮಾಡಿ 2016ರಲ್ಲಿ ಪ್ರಕಟಿಸಿದರು. ನಮ್ಮ ಕೆರೆಗಳಲ್ಲೂ ಕೂದಲು ಎಳೆಯಂತೆ ಹರಡುವ ಪಾಚಿಯ ಜಾತಿಯದು. ಅದರ ಎಳೆಗಳು ಒಣಗಿದಾಗ ಒಂದಕ್ಕೊಂದು ಅಂಟಿಕೊಂಡು ಮುಚ್ಚಿಹೋಗುವುದು ಕಡಿಮೆ, ಹಾಗಾಗಿ ತೂತುಗಳು ಉಳಿಯುತ್ತವೆ. ಇದು ಏಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ.

ಒಂದು ಸಂಗತಿ ಸುದ್ದಿಗಳಲ್ಲಿ ಬರುವುದೇ ಇಲ್ಲ. ಗಿಡದ ವಸ್ತು ಈಗಾಗಲೇ ನಿಮ್ಮ ಸ್ಕೂಟರಿನ ಬ್ಯಾಟರಿಯೊಳಗೆ ಇದೆ. ಗ್ರಾಫೈಟ್ ಪುಡಿಯನ್ನು ತಾಮ್ರದ ಹಾಳೆಗೆ ಅಂಟಿಸಲು ಸಿಎಂಸಿ ಎಂಬ ಅಂಟನ್ನು ಬಳಸುತ್ತಾರೆ. ಮರದ ತಿರುಳಿನಿಂದಲೋ ಹತ್ತಿಬೀಜದ ಮೇಲಿನ ನವಿರಿನಿಂದಲೋ ಮಾಡಿದ್ದು. ಐಸ್‌ಕ್ರೀಮ್ ಗಟ್ಟಿಯಾಗಲು ಹಾಕುವುದೂ ಅದನ್ನೇ. ಹಿಂದೆ ಈ ಕೆಲಸಕ್ಕೆ ಫ್ಲೋರಿನ್ ಇರುವ ಪ್ಲಾಸ್ಟಿಕ್ ಅಂಟು ಮತ್ತು ಅದನ್ನು ಕರಗಿಸಲು ಗರ್ಭಕ್ಕೆ ಹಾನಿ ಮಾಡಬಲ್ಲ ದ್ರಾವಕ ಬೇಕಾಗುತ್ತಿತ್ತು. ಸಿಎಂಸಿ ಬಂದ ಮೇಲೆ ನೀರಿನಲ್ಲೇ ಕಲಸಬಹುದಾಯಿತು. ಯಾರೂ ಡಂಗುರ ಹೊಡೆಯದೆ, ಕೆಲಸ ಅಗ್ಗವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಕಾರ್ಖಾನೆಗಳು ಅದನ್ನು ಒಪ್ಪಿಕೊಂಡವು. ಹಸಿರು ವಸ್ತು ನಿಜವಾಗಿ ಗೆಲ್ಲುವುದು ಹೀಗೆ.

ಅಡ್ಡಿಗಳು ಸಣ್ಣವಲ್ಲ

ಮೊದಲನೆಯದು ನೀರು. ದ್ರವವನ್ನು ಹೀರುವ ಗುಣವೇ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಪುಸ್ತಕದ ಹಾಳೆ ಮೆತ್ತಗಾಗುವುದು ಕಾಸರಗೋಡು, ವಯನಾಡಿನವರಿಗೆ ಹೇಳಿಕೊಡಬೇಕಿಲ್ಲ. ಲಿಥಿಯಂ ಸೆಲ್ಲಿನ ಎಲೆಕ್ಟ್ರೋಲೈಟಿನಲ್ಲಿರುವ ಉಪ್ಪು ನೀರು ಕಂಡರೆ ಒಡೆದು ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ, ಅದು ಸೆಲ್ಲನ್ನು ಒಳಗಿನಿಂದ ತಿನ್ನುತ್ತದೆ. ಆದ್ದರಿಂದ ನಾರಿನ ಪೊರೆಯನ್ನು ನಿರ್ವಾತದಲ್ಲಿ ಬಿಸಿಮಾಡಿ ತುಂಬ ಹೊತ್ತು ಒಣಗಿಸಬೇಕು, ಒಣಗಿದ ಗಾಳಿಯ ಕೋಣೆಯಲ್ಲೇ ಮುಂದಿನ ಕೆಲಸ ನಡೆಯಬೇಕು. ಅಷ್ಟಕ್ಕೆಲ್ಲ ವಿದ್ಯುತ್ತೂ ಹಣವೂ ಬೇಕು.

ಎರಡನೆಯದು ತೂತು. ಮಾಮೂಲಿ ಕಾಗದದ ತೂತುಗಳು ದೊಡ್ಡವು, ಒಂದೇ ಅಳತೆಯವಲ್ಲ. ಅವುಗಳ ಮೂಲಕ ಲಿಥಿಯಂ ಲೋಹದ ಮುಳ್ಳುಗಳು ಬೆಳೆದು ಆಚೆ ಬದಿ ಮುಟ್ಟಬಹುದು. ಅದಕ್ಕೆಂದು ನಾರನ್ನು ಅತಿಸೂಕ್ಷ್ಮ ಎಳೆಗಳಾಗಿ ಬಿಡಿಸಿದರೆ, ನೀರು ಆರುವಾಗ ಅವೆಲ್ಲ ಒಂದಕ್ಕೊಂದು ಅಪ್ಪಿಕೊಂಡು ಪೊರೆ ತೂತೇ ಇಲ್ಲದ ಹಾಳೆಯಾಗುತ್ತದೆ. ನೀರನ್ನು ಆಲ್ಕೋಹಾಲಿನಿಂದ ತೊಳೆದು ತೆಗೆದು ಆಮೇಲೆ ಒಣಗಿಸಿದರೆ ತೂತು ಉಳಿಯುತ್ತದೆ. ಪ್ರಯೋಗಾಲಯದ ಬೋಗುಣಿಯಲ್ಲಿ ಇದು ಸುಲಭ. ದಿನಕ್ಕೆ ಲಕ್ಷಾಂತರ ಚದರ ಮೀಟರ್ ಮಾಡುವ ಯಂತ್ರದಲ್ಲಿ ಅಷ್ಟೊಂದು ಆಲ್ಕೋಹಾಲನ್ನು ಬಳಸಿ, ಮತ್ತೆ ಹಿಡಿದು, ಮತ್ತೆ ಬಳಸುವುದು ಬೇರೆಯೇ ಲೆಕ್ಕ. ಪಾಚಿಯ ಎಳೆಗಳಿಗೆ ಅಷ್ಟು ಆಸ್ಥೆ ಬಂದದ್ದು ಈ ತೊಡಕನ್ನು ಅವು ಭಾಗಶಃ ತಪ್ಪಿಸುತ್ತವೆ ಎಂದೇ.

ಮೂರನೆಯದನ್ನು ಸುರಕ್ಷತೆಯ ಜಾಹೀರಾತುಗಳು ಮುಚ್ಚಿಡುತ್ತವೆ. ಪಾಲಿಥೀನ್ ಕರಗುವುದು ದೋಷ ಮಾತ್ರವಲ್ಲ, ಒಂದು ಮಟ್ಟಿಗೆ ಗುಣವೂ ಹೌದು. 130 ಡಿಗ್ರಿಯಲ್ಲಿ ಅದು ಕರಗಿದಾಗ ತೂತುಗಳು ಮುಚ್ಚಿಕೊಂಡು ಅಯಾನುಗಳ ಓಡಾಟ ನಿಲ್ಲುತ್ತದೆ. ಮನೆಯ ಫ್ಯೂಸ್ ಹೋದಂತೆ. ಇದನ್ನೇ ನಂಬಿ ಎರಡು ಪಾಲಿಪ್ರೊಪಿಲೀನ್ ಪದರಗಳ ನಡುವೆ ಪಾಲಿಥೀನ್ ಪದರ ಇಟ್ಟು ಮೂರು ಪದರದ ಪೊರೆ ಮಾಡುತ್ತಾರೆ: ನಡುವಿನದು ಕರಗಿ ತೂತು ಮುಚ್ಚಲಿ, ಹೊರಗಿನವು ಆಕಾರ ಹಿಡಿದಿರಲಿ ಎಂದು. ಬರೀ ಸೆಲ್ಯುಲೋಸಿನ ಪೊರೆಗೆ ಈ ಫ್ಯೂಸ್ ಇಲ್ಲ. ಅದು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಓಡಾಟ ನಿಲ್ಲಿಸುವುದಿಲ್ಲ. ಹಾಗಾಗಿ "ಕರಗುವುದಿಲ್ಲ, ಆದ್ದರಿಂದ ಸುರಕ್ಷಿತ" ಎಂಬ ವಾದ ಅರ್ಧ ಮಾತ್ರ ಸರಿ. ಉರಿಯುವ ದ್ರವವಂತೂ ಹಾಗೇ ಒಳಗಿರುತ್ತದೆ.

ಇವತ್ತು ಕಾರ್ಖಾನೆಗಳು ಕಂಡುಕೊಂಡಿರುವ ದಾರಿ ಪ್ಲಾಸ್ಟಿಕ್ ಪೊರೆಯ ಮೇಲೆ ಅಲ್ಯೂಮಿನಾದಂಥ ಪಿಂಗಾಣಿ ಪುಡಿಯ ತೆಳು ಲೇಪ ಬಳಿಯುವುದು. ಲೇಪ ಪೊರೆಯನ್ನು ಮುದುಡಗೊಡುವುದಿಲ್ಲ, ಫ್ಯೂಸ್ ಗುಣವೂ ಉಳಿಯುತ್ತದೆ. ನಾರಿನ ಪೊರೆ ಸೆಣಸಬೇಕಾದದ್ದು ಇದರ ಜೊತೆ, ಹಳೆಯ ಬೋಳು ಪಾಲಿಥೀನ್ ಜೊತೆಯಲ್ಲ. ಪ್ರಯೋಗದ ವರದಿ ಓದುವಾಗ ಹೋಲಿಕೆ ಯಾವುದರ ಜೊತೆ ಮಾಡಿದ್ದಾರೆ ಎಂದು ನೋಡಿ. ಬಹುಪಾಲು ಸಲ ಸುಲಭದ ಎದುರಾಳಿಯನ್ನೇ ಆರಿಸಿಕೊಂಡಿರುತ್ತಾರೆ. ನನ್ನ ಅಂದಾಜಿನಲ್ಲಿ ಗಿಡದ ನಾರು ಮೊದಲು ದೊಡ್ಡ ಪ್ರಮಾಣದಲ್ಲಿ ಒಳಗೆ ಬರುವುದು ಇಡೀ ಪೊರೆಯಾಗಿ ಅಲ್ಲ, ಇಂಥ ಲೇಪದ ಅಂಗವಾಗಿ. ಸೂಕ್ಷ್ಮ ಸೆಲ್ಯುಲೋಸ್ ಎಳೆಗಳೂ ಪಿಂಗಾಣಿ ಪುಡಿಯೂ ಸೇರಿದ ಲೇಪ, ನೀರಿನಲ್ಲೇ ಕಲಸಿದ್ದು. ಯೂರೋಪಿನಲ್ಲಿ ಫ್ಲೋರಿನ್ ರಾಸಾಯನಿಕಗಳ ಮೇಲೆ ವ್ಯಾಪಕ ನಿರ್ಬಂಧ ತರುವ ಪ್ರಸ್ತಾವ 2023ರಲ್ಲೇ ಮಂಡನೆಯಾಗಿದೆ. ಆ ಒತ್ತಡ ಹೆಚ್ಚಿದಷ್ಟೂ ಫ್ಲೋರಿನ್ ಅಂಟಿನ ಬದಲಿಗೆ ನಾರಿನ ಅಂಟು ಬರುವ ಸಾಧ್ಯತೆ ಹೆಚ್ಚು.

ಹಸಿರು ಎಷ್ಟು ಹಸಿರು

ಪಾಲಿಥೀನ್ ಪೊರೆಯನ್ನು ಮಾಡುವ ಒಂದು ಮುಖ್ಯ ವಿಧಾನದಲ್ಲಿ ಪ್ಲಾಸ್ಟಿಕ್ಕನ್ನು ಖನಿಜ ಎಣ್ಣೆಯ ಜೊತೆ ಬೆರೆಸಿ ಎಳೆದು, ಆಮೇಲೆ ಎಣ್ಣೆಯನ್ನು ಡೈಕ್ಲೋರೋಮೀಥೇನ್ ಎಂಬ ದ್ರಾವಕದಿಂದ ತೊಳೆದು ತೆಗೆಯುತ್ತಾರೆ. ಎಣ್ಣೆ ಇದ್ದ ಜಾಗವೇ ತೂತು. ಆ ದ್ರಾವಕ ಕೆಲಸಗಾರರ ಆರೋಗ್ಯಕ್ಕೆ ಕೆಟ್ಟದ್ದು. ಕಾಗದದ ಯಂತ್ರದಲ್ಲಿ ನೀರಿನಿಂದ ಮಾಡುವ ಪೊರೆ ಈ ದೃಷ್ಟಿಯಿಂದ ಖಂಡಿತ ಮೇಲು.

ಆದರೆ "ಗಿಡದಿಂದ ಬಂದದ್ದು" ಎಂದಾಕ್ಷಣ ಹಸಿರು ಎನ್ನಲು ನಮ್ಮ ಸೀಮೆಯವರಿಗೆ ಬಾಯಿ ಬರಬಾರದು. ಶುದ್ಧ ಸೆಲ್ಯುಲೋಸ್ ತೆಗೆಯುವ ಉದ್ಯಮವನ್ನು ನಾವು ಹತ್ತಿರದಿಂದ ಕಂಡವರು. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ 1972ರಿಂದ ನೀಲಗಿರಿ ಮರದ ತಿರುಳು ತೆಗೆಯುತ್ತ ಬಂದಿದೆ. ಎಂಬತ್ತರ ದಶಕದಲ್ಲಿ ನದಿಯಲ್ಲಿ ಮೀನು ಸತ್ತು ತೇಲಿದ್ದು, ಸಮಾಜ ಪರಿವರ್ತನ ಸಮುದಾಯದವರು ಬೀದಿಗಿಳಿದದ್ದು ಹಿರಿಯರಿಗೆ ನೆನಪಿದೆ. ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಸರಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಹುಟ್ಟಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಜಮೀನನ್ನು ನೀಲಗಿರಿ ನೆಡುವುದಕ್ಕೆ ಅದಕ್ಕೆ ಕೊಡಲು ಹೊರಟರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ಅದೇ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ. ಶಿವರಾಮ ಕಾರಂತರೂ ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಒಬ್ಬರು. ಕಡೆಗೆ ಆ ಕಂಪನಿ ಬಾಗಿಲು ಹಾಕಿತು. ಅತ್ತ ಕೇರಳದಲ್ಲಿ ಚಾಲಿಯಾರ್ ದಡದ ಮಾವೂರಿನ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆಯ ಕಥೆ ವಯನಾಡಿನ ಸದಸ್ಯರಿಗೆ ಗೊತ್ತು. ಕಾಡಿನ ಬಿದಿರು ಅಲ್ಲಿಗೆ ಹೋಯಿತು, ಹೊಲಸು ನೀರು ಹೊಳೆಗೆ ಬಂತು, ದಶಕಗಳ ಹೋರಾಟದ ಮೇಲೆ ಅದು ಮುಚ್ಚಿತು.

ಬ್ಯಾಟರಿ ಪೊರೆಗೆ ಬೇಕಾದ ಸೆಲ್ಯುಲೋಸ್ ಬಟ್ಟೆಯ ರೇಯಾನಿಗೆ ಬೇಕಾದದ್ದಕ್ಕಿಂತ ಶುದ್ಧವಾಗಿರಬೇಕು. ಲೋಹದ ಕಲ್ಮಶ ಕಣದಷ್ಟೂ ಇರಬಾರದು. ಶುದ್ಧ ಮಾಡುವುದೆಂದರೆ ಕ್ಷಾರ, ಬಿಳುಪು ರಾಸಾಯನಿಕ, ಬಹಳ ನೀರು. ಆ ನೀರು ಯಾವ ಹೊಳೆಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಹಸಿರಿನ ಮಾತು.

ಬಳಸಿ ಬಿಟ್ಟ ಬ್ಯಾಟರಿಯ ಲೆಕ್ಕದಲ್ಲೂ ಇದು ಹೆಚ್ಚು ವ್ಯತ್ಯಾಸ ಮಾಡದು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆ ತಯಾರಕರದು. ಮರುಬಳಕೆಯಲ್ಲಿ ಎಲ್ಲರ ಕಣ್ಣು ಇರುವುದು ಲಿಥಿಯಂ, ಕೋಬಾಲ್ಟ್, ನಿಕ್ಕಲ್, ತಾಮ್ರದ ಮೇಲೆ.

ಬೆಳೆಗಾರರಿಗೆ ಒಂದು ಲೆಕ್ಕ

ಇಲ್ಲಿ ಸ್ವಲ್ಪ ಕೂಡಿ ಕಳೆದು ನೋಡೋಣ. ಒಂದು ಕಿಲೋವಾಟ್-ಅವರ್ ಬ್ಯಾಟರಿಗೆ ಸ್ಥೂಲವಾಗಿ 10ರಿಂದ 15 ಚದರ ಮೀಟರ್ ಪೊರೆ ಬೇಕು. ಮೂರು ಕಿಲೋವಾಟ್-ಅವರಿನ ಒಂದು ಸ್ಕೂಟರಿಗೆ 30ರಿಂದ 45 ಚದರ ಮೀಟರ್. ಎರಡು ಮೂರು ಕೋಣೆಗೆ ನೆಲಹಾಸು ಹಾಸುವಷ್ಟು. ತೂಕ ಮಾತ್ರ ಅರ್ಧ ಕಿಲೋ ಆಸುಪಾಸು, ಅಷ್ಟೇ.

ಕೇಂದ್ರ ಸರಕಾರ 2021ರಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದು, ದೇಶದಲ್ಲಿ 50 ಗಿಗಾವಾಟ್-ಅವರ್ ಸೆಲ್ ತಯಾರಿಕೆಯ ಗುರಿ ಇಟ್ಟಿತು. ಆ ಗುರಿ ಪೂರ್ತಿ ಮುಟ್ಟಿತು, ಅಷ್ಟಕ್ಕೂ ನಾರಿನ ಪೊರೆಯನ್ನೇ ಹಾಕಿದರು ಎಂದೇ ಇಟ್ಟುಕೊಳ್ಳೋಣ. ಚದರ ಮೀಟರಿಗೆ 15 ಗ್ರಾಂ ಹಿಡಿದರೂ ವರ್ಷಕ್ಕೆ ಬೇಕಾದ ತಿರುಳು ಹೆಚ್ಚೆಂದರೆ 8ರಿಂದ 11 ಸಾವಿರ ಟನ್. ದೊಡ್ಡ ತಿರುಳು ಕಾರ್ಖಾನೆಯೊಂದರ ಕೆಲವು ವಾರಗಳ ಕೆಲಸ. ಕಬ್ಬಿನ ಲೆಕ್ಕದಲ್ಲಿ ಹೇಳುವುದಾದರೆ, ದಿನಕ್ಕೆ 5,000 ಟನ್ ಅರೆಯುವ ಸಕ್ಕರೆ ಕಾರ್ಖಾನೆಯಿಂದ ದಿನಕ್ಕೆ 1,400 ಟನ್ನಿನಷ್ಟು ಹಸಿ ಸಿಪ್ಪೆ ಬೀಳುತ್ತದೆ. ಅಂಥ ಒಂದೇ ಕಾರ್ಖಾನೆಯ ಒಂದು ಹಂಗಾಮಿನ ಸಿಪ್ಪೆಯಲ್ಲಿ ಇಡೀ ದೇಶದ ಬೇಡಿಕೆ ಮುಗಿದು ಇನ್ನೂ ಉಳಿಯುತ್ತದೆ. ಸೊಲ್ಲಾಪುರ ಜಿಲ್ಲೆಯೊಂದರಲ್ಲೇ ಎಷ್ಟು ಸಕ್ಕರೆ ಕಾರ್ಖಾನೆಗಳಿವೆ ಎಂದು ಎಣಿಸಿ ನೋಡಿ. ಮೇಲಾಗಿ ಸಿಪ್ಪೆ ಈಗ ಬಿಟ್ಟಿ ಸರಕಲ್ಲ. ಕಾರ್ಖಾನೆಗಳೇ ಅದನ್ನು ಉರಿಸಿ ವಿದ್ಯುತ್ ಮಾಡಿಕೊಳ್ಳುತ್ತವೆ, ಉಳಿದದ್ದನ್ನು ಮಾರುತ್ತವೆ.

ಅಡಿಕೆ ಸಿಪ್ಪೆಯಲ್ಲಿ ಸೆಲ್ಯುಲೋಸಿನ ಜೊತೆ ಬೇರೆ ಅಂಶಗಳೂ ಬಹಳ. ಅದನ್ನು ಶುದ್ಧ ಮಾಡುವ ಖರ್ಚು ಹತ್ತಿಯ ನವಿರನ್ನು ಶುದ್ಧ ಮಾಡುವುದಕ್ಕಿಂತ ಹೆಚ್ಚು. ಪ್ರಯೋಗಾಲಯದಲ್ಲಿ ಯಾವ ಸಿಪ್ಪೆಯಿಂದಲೂ ಪೊರೆ ಮಾಡಿ ತೋರಿಸಬಹುದು, ಪ್ರಬಂಧವೂ ಬರೆಯಬಹುದು. ಮಾರುಕಟ್ಟೆಯಲ್ಲಿ ಅಗ್ಗವಾಗಿ, ವರ್ಷವಿಡೀ ಒಂದೇ ಗುಣದಲ್ಲಿ ಸಿಗುವ ಸರಕಿಗೇ ಬೆಲೆ. ಆ ದೃಷ್ಟಿಯಿಂದ ನಮ್ಮ ಸೀಮೆಯಲ್ಲಿ ಯಾರಿಗಾದರೂ ಒಂದಿಷ್ಟು ಅವಕಾಶವಿದ್ದರೆ ಅದು ಆದವಾನಿ ಕಡೆಯ ಹತ್ತಿಬೀಜದ ಎಣ್ಣೆ ಗಾಣಗಳಿಗೆ. ಅರಳೆ ಬಿಡಿಸಿದ ಮೇಲೂ ಬೀಜಕ್ಕೆ ಅಂಟಿಕೊಂಡಿರುವ ಕುರುಚಲು ನವಿರು ಬಹುತೇಕ ಶುದ್ಧ ಸೆಲ್ಯುಲೋಸ್. ಅದಕ್ಕೆ ಈಗಲೇ ಕಾಗದ, ಔಷಧ, ಅಂಟುಗಳ ಉದ್ಯಮದಲ್ಲಿ ಗಿರಾಕಿ ಇದೆ. ಬ್ಯಾಟರಿಯವರು ಬಂದರೆ ಇನ್ನೊಬ್ಬ ಗಿರಾಕಿ.

ಆದ್ದರಿಂದ ಯಾರಾದರೂ "ಬ್ಯಾಟರಿ ನಾರಿಗೆ" ಎಂದು ಹೇಳಿ ನಿಮ್ಮ ಜಮೀನಿನಲ್ಲಿ ಹೊಸ ತಳಿಯ ಬಿದಿರೋ ನೀಲಗಿರಿಯೋ ನೆಡಲು ಮುಂಗಡ ಕೇಳಿದರೆ, ಮೇಲಿನ ಲೆಕ್ಕವನ್ನು ಅವರ ಮುಂದೆ ಇಡಿ.

ಲಾಭ ಇರುವುದು ಕಚ್ಚಾ ನಾರಿನಲ್ಲಲ್ಲ, ಪೊರೆ ಮಾಡುವ ಕೈಚಳಕದಲ್ಲಿ. ಭಾರತದ ಸೆಲ್ ಕಾರ್ಖಾನೆಗಳಿಗೆ ಬೇಕಾದ ಪೊರೆ ಇವತ್ತಿಗೂ ಬಹುಪಾಲು ಚೀನಾ, ಜಪಾನ್, ಕೊರಿಯಾಗಳಿಂದ ಬರುವಂಥದ್ದು. ಪಾಲಿಥೀನ್ ಪೊರೆಯ ಯಂತ್ರಗಳು ವಿಪರೀತ ದುಬಾರಿ, ಅದರ ಅನುಭವ ಕೆಲವೇ ದೇಶಗಳಲ್ಲಿದೆ. ಲೇಪ ಬಳಿಯುವುದು, ಕಾಗದ ತೆಗೆಯುವುದು ನಮ್ಮವರಿಗೆ ಪರಿಚಯದ ಕೆಲಸಗಳು. ಹೊಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಜೋಡಣೆಯ ಸಾಲಿನಲ್ಲಿ ಸ್ಕ್ರೂ ಬಿಗಿಯುತ್ತಿರುವ ಹುಡುಗರಿಗೆ ನಾನು ಹೇಳುವುದಿಷ್ಟೇ: ಲೇಪನ, ಒಣಗಿಸುವಿಕೆ, ಒಣಗಾಳಿ ಕೋಣೆಯ ನಿರ್ವಹಣೆ, ಸೆಲ್ ಪರೀಕ್ಷೆ, ಇವುಗಳ ತರಬೇತಿ ಎಲ್ಲಿ ಸಿಕ್ಕರೂ ಬಿಡಬೇಡಿ. ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರ ಸರಕಾರದ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆ ಇದೆ, ಬ್ಯಾಟರಿ ವಿದ್ಯೆಗೆ ಅದು ಹಳೆಯ ಮನೆ.

ಅಲ್ಲಿಯವರೆಗೆ ಮನೆಯಲ್ಲಿ

ಸ್ಕೂಟರ್ ಕೊಳ್ಳಲು ಹೋದಾಗ "ಇದರ ಸಪರೇಟರ್ ಯಾವುದು?" ಎಂದು ಕೇಳಿದರೆ ಮಾರುವವರಿಗೂ ಗೊತ್ತಿರುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. 2022ರ ಅನಾಹುತಗಳ ಮೇಲೆ ಸರಕಾರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಅದರ ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಒಂದು ಸೆಲ್ ಹತೋಟಿ ತಪ್ಪಿದರೆ ಬೆಂಕಿ ಪೆಟ್ಟಿಗೆಯಾಚೆ ಹರಡದೆ ಸವಾರನಿಗೆ ಎಚ್ಚರಿಕೆ ಸಿಗಬೇಕು ಎಂಬುದು ಅದರ ತಿರುಳು. ನಿಮ್ಮ ಗಾಡಿಯ ಬ್ಯಾಟರಿ ಯಾವಾಗ ತಯಾರಾದದ್ದು, ಈ ತಿದ್ದುಪಡಿಗೆ ಒಳಪಟ್ಟದ್ದೇ ಎಂದು ಕೇಳಿ. ಸೆಕೆಂಡ್ ಹ್ಯಾಂಡ್ ಗಾಡಿಗೂ, ಪೇಟೆಯಲ್ಲಿ ಜೋಡಿಸಿ ಕೊಡುವ ಅಗ್ಗದ ಬದಲಿ ಬ್ಯಾಟರಿಗೂ ಇದೇ ಪ್ರಶ್ನೆ. ನಮ್ಮ ಊರುಗಳಲ್ಲಿ ಹೆಚ್ಚು ಅಪಾಯ ಇರುವುದು ಈ ಎರಡನೆಯದರಲ್ಲಿ ಎಂದು ನನ್ನ ಅಭಿಪ್ರಾಯ. ಎಲ್‌ಎಫ್‌ಪಿ ಸೆಲ್ಲಿನ ಗಾಡಿ ಸಿಕ್ಕರೆ, ಸ್ವಲ್ಪ ಭಾರವಾದರೂ, ಒಂದು ಓಟು ಅದಕ್ಕೆ.

ಮಲಗುವ ಕೋಣೆಯಲ್ಲಿ, ಮಾಳಿಗೆಯ ಮೆಟ್ಟಿಲ ಕೆಳಗೆ, ಮನೆಯಿಂದ ಹೊರಬರುವ ಒಂದೇ ಬಾಗಿಲಿನ ಎದುರು ಚಾರ್ಜಿಗೆ ಹಾಕಬೇಡಿ. ಹೊಸೂರಿನ ವಠಾರಗಳಲ್ಲಿ ಮೆಟ್ಟಿಲ ಬುಡದಲ್ಲೇ ನಾಲ್ಕಾರು ಗಾಡಿಗಳು ಸಾಲಾಗಿ ಚಾರ್ಜಾಗುವುದನ್ನು ಕಾಣುತ್ತೇವೆ. ಮೇಲಿನ ಮನೆಗಳವರಿಗೆ ಅದೇ ದಾರಿ, ಹೊಗೆಗೂ ಅದೇ ದಾರಿ. ಓಡಿಸಿ ತಂದ ಕೂಡಲೇ, ಬ್ಯಾಟರಿ ಬಿಸಿಯಿರುವಾಗ ಪ್ಲಗ್ಗು ಹಾಕಬೇಡಿ, ಆರಲು ಬಿಡಿ. ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆಯದು ಬೇಡ. ಬ್ಯಾಟರಿ ಉಬ್ಬಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ನೆರೆನೀರಿನಲ್ಲಿ ಮುಳುಗಿದ್ದರೆ, ಸಿಹಿಯಾದ ದ್ರಾವಕದ ವಾಸನೆ ಬಂದರೆ ಮನೆಯ ಹೊರಗೆ ಬಯಲಲ್ಲಿಟ್ಟು ಸರ್ವಿಸಿನವರನ್ನು ಕರೆಸಿ. ಹೊಗೆ ಶುರುವಾದರೆ ಆರಿಸಲು ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ 101 ಅಥವಾ 112ಕ್ಕೆ ಫೋನು ಮಾಡಿ, "ಲಿಥಿಯಂ ಬ್ಯಾಟರಿ ಬೆಂಕಿ" ಎಂದೇ ಹೇಳಿ. ಅದನ್ನು ತಣಿಸಲು ತುಂಬ ನೀರು ಬೇಕು, ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳಬಹುದು, ಅಗ್ನಿಶಾಮಕದವರು ಅದಕ್ಕೆ ತಯಾರಾಗಿ ಬರಲಿ.

ಗಾಡಿಯ ಕೈಪಿಡಿಯನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಈ ಕಂಪನಿಗಳೆಲ್ಲ ಕರ್ನಾಟಕದಲ್ಲೂ ಗಾಡಿ ಮಾರುವವೇ. ರಾತ್ರಿ ಪ್ಲಗ್ಗು ಹಾಕುವುದು ಎಷ್ಟೋ ಮನೆಗಳಲ್ಲಿ ಅಮ್ಮ ಅಥವಾ ಅಜ್ಜ. ಎಚ್ಚರಿಕೆಯ ಆ ಎರಡು ಪುಟ ಅವರು ಓದಬಲ್ಲ ಭಾಷೆಯಲ್ಲಿರಬೇಕು.